ಲಾಹುರೆ ಕಳುಹಿಸಿದ ಹಣ

ದುಡಿಮೆಗಾಗಿ ಹೊರನಾಡಿಗೆ ಹೋದವನನ್ನು ನೇಪಾಳದ ಗುಡ್ಡಗಾಡಿನ ಜನ ‘ಲಾಹುರೆ’ ಎನ್ನುತ್ತಾರೆ. ಲಾಹೋರಿಗೆ ಹೋಗಿ ಮಹಾರಾಜ ರಣಜಿತ್ ಸಿಂಗನ ಸೈನ್ಯ ಸೇರಿದವರಿಂದ ಬಂದ ಹೆಸರಿದು. 1815ರಿಂದ ಈಸ್ಟ್ ಇಂಡಿಯಾ ಕಂಪನಿಯೂ ಗೂರ್ಖಾಗಳನ್ನು ತನ್ನ ಪಡೆಗೆ ಸೇರಿಸಿಕೊಂಡಿತು. ಲಾಹೋರಿನ ದರ್ಬಾರು ಹೋಯಿತು, ಕಂಪನಿಯೂ ಹೋಯಿತು, ಹೆಸರು ಉಳಿಯಿತು. ಇಂದು ಕತಾರಿನಲ್ಲಿ ಕಟ್ಟಡ ಕಟ್ಟುವವನೂ, ಮಲೇಷ್ಯಾದ ಕಾರ್ಖಾನೆಯಲ್ಲಿ ದುಡಿಯುವವನೂ, ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿಯಿಡೀ ಎಚ್ಚರವಿರುವವನೂ ಊರವರ ಪಾಲಿಗೆ ಲಾಹುರೆಗಳೇ.

ಇವರು ಮನೆಗೆ ಕಳುಹಿಸುವ ಹಣ ಒಂದು ದೇಶವನ್ನೇ ಹೇಗೆ ನಡೆಸುತ್ತಿದೆ ಎಂಬುದನ್ನು ಅರ್ಥಶಾಸ್ತ್ರ ಓದುವ ಮಕ್ಕಳಷ್ಟೇ ಅಲ್ಲ, ಅವರ ತಂದೆತಾಯಿಯರೂ ತಿಳಿಯಬೇಕು. 2021ರ ಜನಗಣತಿಯಲ್ಲಿ ನೇಪಾಳದ ಜನಸಂಖ್ಯೆ ಸುಮಾರು 2 ಕೋಟಿ 92 ಲಕ್ಷ. ದೇಶದ ಹೊರಗಿದ್ದವರು ಸುಮಾರು 22 ಲಕ್ಷ. 2022-23ರ ಲೆಕ್ಕ ನೋಡಿ. ಸರಕು ರಫ್ತಿನಿಂದ ನೇಪಾಳಕ್ಕೆ ಬಂದದ್ದು ಸುಮಾರು 15,700 ಕೋಟಿ ನೇಪಾಳಿ ರೂಪಾಯಿ. ಆಮದಿಗೆ ತೆತ್ತದ್ದು 1 ಲಕ್ಷ 61 ಸಾವಿರ ಕೋಟಿ. ಗಳಿಕೆಯ ಹತ್ತರಷ್ಟು ಖರ್ಚು! ಇಂಥ ಸಂಸಾರ ದಿವಾಳಿಯಾಗಲಿಲ್ಲವೇಕೆ? ಅದೇ ವರ್ಷ ಲಾಹುರೆಗಳು ಅಧಿಕೃತ ದಾರಿಗಳಿಂದಲೇ 1 ಲಕ್ಷ 22 ಸಾವಿರ ಕೋಟಿ ಕಳುಹಿಸಿದ್ದರು. ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಪಾಲಿಗಿಂತ ಇದು ಹೆಚ್ಚು.

ಅಧಿಕೃತವಲ್ಲದ ದಾರಿಯೂ ಉಂಟು. ಅದಕ್ಕೆ ಅಲ್ಲಿ ‘ಹುಂಡಿ’ ಎನ್ನುತ್ತಾರೆ. ನಮ್ಮ ದೇವಸ್ಥಾನದ ಹುಂಡಿಯಲ್ಲ. ದೋಹಾದಲ್ಲಿ ಕೂಲಿಯವನು ಒಬ್ಬ ದಲ್ಲಾಳಿಯ ಕೈಗೆ ರಿಯಾಲ್ ಕೊಡುತ್ತಾನೆ, ಊರಿನಲ್ಲಿ ಆ ದಲ್ಲಾಳಿಯ ಕಡೆಯವನು ಹೆಂಡತಿಯ ಕೈಗೆ ರೂಪಾಯಿ ಎಣಿಸುತ್ತಾನೆ. ಮನೆಗೆ ಹಣ ಮುಟ್ಟಿತು ನಿಜ, ವಿದೇಶಿ ನಾಣ್ಯ ಮಾತ್ರ ದೇಶದ ಗಡಿ ದಾಟಿ ಬರಲೇ ಇಲ್ಲ. ಭಾರತದಿಂದ ಕಳುಹಿಸುವವರಿಗೆ ಬ್ಯಾಂಕಿನ ದಾರಿ ಸುಲಭವಾಗಲೆಂದು ನಮ್ಮ ರಿಸರ್ವ್ ಬ್ಯಾಂಕ್ 2008ರಲ್ಲಿ ಪ್ರತ್ಯೇಕ ಯೋಜನೆಯನ್ನೇ ತಂದಿತು.

ಈ ಹಣ ಎಲ್ಲಿಗೆ ಹೋಗುತ್ತದೆ? 2010-11ರ ಜೀವನಮಟ್ಟ ಸಮೀಕ್ಷೆಯ ಪ್ರಕಾರ ನೂರಕ್ಕೆ 79 ಪಾಲು ದಿನನಿತ್ಯದ ಖರ್ಚಿಗೆ, 7 ಪಾಲು ಸಾಲ ತೀರಿಸಲು. ಬಂಡವಾಳವಾಗಿ ಉಳಿದದ್ದು ಎರಡೂವರೆ ಪಾಲೂ ಇಲ್ಲ. ‘ಎಲ್ಲವನ್ನೂ ತಿಂದು ತೇಗಿದರು’ ಎಂದು ಪಟ್ಟಣದ ಪಂಡಿತರು ಮೂಗು ಮುರಿಯುತ್ತಾರೆ. ನನಗೆ ಈ ಟೀಕೆ ಒಪ್ಪಿಗೆಯಿಲ್ಲ. ಹಸಿದ ಮನೆಯಲ್ಲಿ ಅನ್ನವೇ ಮೊದಲ ಬಂಡವಾಳ. 1995-96ರಲ್ಲಿ ಆ ದೇಶದ ನೂರಕ್ಕೆ 42 ಮಂದಿ ಬಡತನದ ರೇಖೆಯ ಕೆಳಗಿದ್ದರು. 2003-04ರಲ್ಲಿ ಅದು 31ಕ್ಕೆ ಇಳಿಯಿತು. ಮಾವೋವಾದಿಗಳ ಬಂಡಾಯ ದೇಶವನ್ನು ಸುಡುತ್ತಿದ್ದ ವರ್ಷಗಳು ಅವು! ಆ ಇಳಿಕೆಯಲ್ಲಿ ಐದನೇ ಒಂದು ಪಾಲು ವಲಸೆ ದುಡಿಮೆಯಿಂದಲೇ ಆದದ್ದೆಂದು ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ.

ತೊಡಕಿರುವುದು ಬೇರೆ ಕಡೆ. ಮನೆಗೆ ಹಣ ಬಂದಾಗ ಅಕ್ಕಿ, ಸಿಮೆಂಟು, ಮೊಬೈಲ್ ಫೋನು ಎಲ್ಲಕ್ಕೂ ಬೇಡಿಕೆ ಏರುತ್ತದೆ. ಅವನ್ನು ತುಂಬಿಕೊಂಡು ಬರುವ ಲಾರಿಗಳು ಬಹುಪಾಲು ನಮ್ಮ ರಕ್ಸೌಲ್ ಗಡಿಯಂಥ ಕಡೆಗಳಿಂದ ಒಳಹೋಗುತ್ತವೆ. ಅಂಗಡಿಯವನಿಗೆ, ಲಾರಿ ಚಾಲಕನಿಗೆ, ಗಾರೆ ಕೆಲಸದವನಿಗೆ ದುಡಿಮೆ ಸಿಕ್ಕಿತು. ಆ ಸಾಮಾನು ತಯಾರಿಸಿದವನು ಮಾತ್ರ ಬೇರೆ ದೇಶದವನು. ಸರ್ಕಾರಕ್ಕೂ ಗಡಿಯಲ್ಲೇ ಸುಂಕ ಸಿಗುವುದರಿಂದ ಕಾರ್ಖಾನೆಗಳ ಚಿಂತೆ ಅಷ್ಟಾಗಿ ಕಾಡದು.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಹತ್ತಿರವಾದ ಕಾಯಿಲೆಯೊಂದಿದೆ, ‘ಡಚ್ ರೋಗ’. ಹಾಲೆಂಡಿನಲ್ಲಿ 1959ರಲ್ಲಿ ಭಾರಿ ಅನಿಲ ನಿಕ್ಷೇಪ ಸಿಕ್ಕಿತು. ಅನಿಲದ ಹಣ ಹರಿದುಬಂದು ಅವರ ನಾಣ್ಯದ ಬೆಲೆ ಏರಿತು. ಅವರ ಕಾರ್ಖಾನೆಗಳ ಸರಕು ಹೊರಗಿನವರಿಗೆ ದುಬಾರಿಯಾಯಿತು. ನೇಪಾಳದ ನಾಣ್ಯವನ್ನು 1993ರಿಂದ ನಮ್ಮ ಒಂದು ರೂಪಾಯಿಗೆ 1 ರೂಪಾಯಿ 60 ಪೈಸೆಯಂತೆ ಕಟ್ಟಿಹಾಕಿರುವುದರಿಂದ ರೋಗ ಹಿಂಬಾಗಿಲಿನಿಂದ ಬರುತ್ತದೆ: ಆಳುಗಳು ಸಿಗುವುದಿಲ್ಲ, ಕೂಲಿ ಏರುತ್ತದೆ, ನಿವೇಶನದ ಬೆಲೆ ಗಗನಕ್ಕೇರುತ್ತದೆ. ಅಲ್ಲಿ ತಯಾರಾದ ವಸ್ತು ನಮ್ಮ ಕಾನ್ಪುರದ್ದೋ ಲೂಧಿಯಾನದ್ದೋ ವಸ್ತುವಿನ ಮುಂದೆ ಸೋಲುತ್ತದೆ. ಬೆಟ್ಟದ ಮೆಟ್ಟಿಲು ಗದ್ದೆಗಳು ಉಳುವವರಿಲ್ಲದೆ ಬೀಳು ಬಿದ್ದಿವೆ. ಕೆಲಸವಿಲ್ಲವೆಂದು ಜನ ಹೊರಟರು. ಹೊರಟವರ ಹಣವೇ ಊರಿನಲ್ಲಿ ಹೊಸ ಕೆಲಸ ಹುಟ್ಟುವುದನ್ನು ಕಷ್ಟವಾಗಿಸಿತು.

ಹಣ ಕಳುಹಿಸುವವನ ಮೈಯ ಕಥೆಯನ್ನೂ ವಿಜ್ಞಾನದ ಮೇಷ್ಟರಾಗಿ ಹೇಳಲೇಬೇಕು. ಕೊಲ್ಲಿಯ ಬೇಸಿಗೆಯ ಬಿಸಿಲಲ್ಲಿ ದುಡಿಯುವಾಗ ಬೆವರಿನ ರೂಪದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗಬಹುದು. ಅಷ್ಟು ನೀರು ಕುಡಿಯದಿದ್ದರೆ ರಕ್ತದ ಪ್ರಮಾಣ ಕುಗ್ಗಿ ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಒಂದು ದಿನವಾದರೆ ಅದು ತಡೆದೀತು. ವರ್ಷಗಟ್ಟಲೆ ಇದೇ ಆದರೆ ಸೋತೀತು. ಕೊಲ್ಲಿಯಿಂದ ಮರಳಿದ ಎಳೆಯ ಪ್ರಾಯದ ಗಂಡಸರು ಕಠ್ಮಂಡುವಿನ ಆಸ್ಪತ್ರೆಗಳಲ್ಲಿ ಡಯಾಲಿಸಿಸ್‌ಗೆ ಸಾಲುಗಟ್ಟುತ್ತಿರುವುದಕ್ಕೆ ಇದೂ ಒಂದು ಕಾರಣ. ಕತಾರ್ 2021ರಲ್ಲಿ ನಿಯಮ ಬಿಗಿಗೊಳಿಸಿ ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಬಯಲಿನ ಕೆಲಸ ನಿಷೇಧಿಸಿತು. ಇನ್ನು ವೀಸಾ, ಟಿಕೆಟಿನ ಖರ್ಚು ಮಾಲೀಕನದೇ ಎಂದು ನೇಪಾಳ ಸರ್ಕಾರ 2015ರಲ್ಲಿ ನಿಯಮ ಮಾಡಿತು. ಆದರೂ ಬಡ್ಡಿ ಸಾಲ ಮಾಡಿ ಏಜೆಂಟರ ಕೈ ತುಂಬಿಸಿ ಹೋಗುವವರು ನಿಂತಿಲ್ಲ.

ಈ ಹಣದಲ್ಲಿ ಓದಿದ ಮಕ್ಕಳ ಪಾಡೇನು? 2017-18ರ ಸಮೀಕ್ಷೆಯಲ್ಲಿ ನಿರುದ್ಯೋಗದ ಪ್ರಮಾಣ ಶೇ 11.4, ಹದಿನೈದರಿಂದ ಇಪ್ಪತ್ತನಾಲ್ಕರ ವಯಸ್ಸಿನವರಲ್ಲಿ ಶೇ 21ಕ್ಕೂ ಹೆಚ್ಚು. ತಂದೆ ಮರಳುಗಾಡಿನಲ್ಲಿ ದುಡಿದು ಇಂಗ್ಲಿಷ್ ಶಾಲೆಗೆ ಕಳುಹಿಸಿದ ಹುಡುಗನಿಗೆ ಊರಿನಲ್ಲಿ ಕೆಲಸವಿಲ್ಲ. ತಂದೆಯ ಕೆಲಸಕ್ಕೆ ಹೋಗಲು ಅವನಿಗೂ ಮನಸ್ಸಿಲ್ಲ, ಕಳುಹಿಸಲು ತಂದೆಗೂ ಮನಸ್ಸಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನ ಬೀದಿಗಿಳಿದು ಸರ್ಕಾರವನ್ನೇ ಉರುಳಿಸಿದ ಯುವಜನರ ಸಿಟ್ಟಿನಲ್ಲಿ ಭ್ರಷ್ಟಾಚಾರದ ಜೊತೆ ಈ ನಿರುದ್ಯೋಗವೂ ಇತ್ತು. ಬೀದಿಗಿಳಿಯದೆ ಸದ್ದಿಲ್ಲದೆ ಹೊರಡುವವರು ಬೇರೆ. 2022-23ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಆಸ್ಟ್ರೇಲಿಯಾ, ಜಪಾನ್, ಕೆನಡಾ ಮುಂತಾದ ದೇಶಗಳಲ್ಲಿ ಓದಲು ತಮ್ಮ ಸರ್ಕಾರದಿಂದ ನಿರಾಕ್ಷೇಪಣಾ ಪತ್ರ ಪಡೆದರು. ಆ ವರ್ಷ ವಿದೇಶದ ಓದಿಗೆಂದು ನೇಪಾಳದಿಂದ ಹೊರಗೆ ಹೋದ ಹಣ ಸುಮಾರು 10,000 ಕೋಟಿ. ಲಾಹುರೆಗಳು ಕಳುಹಿಸಿದ ಪ್ರತಿ ಹನ್ನೆರಡು ರೂಪಾಯಿಯಲ್ಲಿ ಒಂದು ರೂಪಾಯಿಯಷ್ಟು, ಬಂದ ದಾರಿಯಲ್ಲೇ ದೇಶದ ಹೊರಗೆ ಹೋಯಿತು.