ಮೋರಿ ಹಿಂದಕ್ಕೆ ಹರಿದಾಗ

2025ರ ಸೆಪ್ಟೆಂಬರ್ 23ರ ಬೆಳಗ್ಗೆ ಕೋಲ್ಕತಾದ ಅಲಿಪುರದ ಹವಾಮಾನ ಕೇಂದ್ರ 24 ಗಂಟೆಗಳ ಮಳೆಯ ಲೆಕ್ಕ ಬರೆದುಕೊಂಡಿತು: 251.4 ಮಿ.ಮೀ. ಅದರ ಬಹುಪಾಲು ಸುರಿದದ್ದು ನಡುರಾತ್ರಿ ಕಳೆದ ಮೇಲಿನ ಕೆಲವೇ ಗಂಟೆಗಳಲ್ಲಿ. 1986ರ ನಂತರ ನಗರ ಒಂದೇ ದಿನದಲ್ಲಿ ಇಷ್ಟು ಮಳೆ ಕಂಡಿರಲಿಲ್ಲ. ನಮ್ಮ ಮೂವತ್ತು–ನಲವತ್ತು ಅಡಿಯ ಒಂದು ಸೈಟಿನ ಮೇಲೆ ಅಷ್ಟು ಮಳೆ ಬಿದ್ದರೆ 28 ಸಾವಿರ ಲೀಟರ್ ನೀರಾಗುತ್ತದೆ.

ಆ ನೀರು ಹೋಗಬೇಕಾದ ದಾರಿ ಕಿರಿದು. 19ನೇ ಶತಮಾನದಲ್ಲಿ ಇಟ್ಟಿಗೆಯಿಂದ ಕಟ್ಟಿದ ಕೋಲ್ಕತಾದ ಒಳಚರಂಡಿಯನ್ನು ಗಂಟೆಗೆ ಕಾಲು ಇಂಚು, ಅಂದರೆ ಸುಮಾರು 6 ಮಿ.ಮೀ. ಮಳೆಗೆ ಲೆಕ್ಕ ಹಾಕಲಾಗಿತ್ತು. ಆ ವೇಗದಲ್ಲಿ 251 ಮಿ.ಮೀ. ನೀರು ಖಾಲಿಯಾಗಲು ಸುಮಾರು 40 ಗಂಟೆ ಬೇಕು. ಸಾಲದ್ದಕ್ಕೆ ಸಮುದ್ರದ ಉಬ್ಬರ ಹೂಗ್ಲಿ ನದಿಯಲ್ಲೂ, ಅಲಿಪುರದ ಪಕ್ಕದ ಆದಿಗಂಗಾ ಕಾಲುವೆಯಲ್ಲೂ ಏರುತ್ತದೆ. ಆಗ ನದಿನೀರು ಊರೊಳಗೆ ನುಗ್ಗದಂತೆ ತೂಬುಗಳನ್ನು ಮುಚ್ಚಬೇಕು. ತೂಬು ಮುಚ್ಚಿದ ಹೊತ್ತಿನಲ್ಲಿ ಬಿದ್ದ ಮಳೆ ಊರೊಳಗೇ ನಿಲ್ಲುತ್ತದೆ.

ಹೀಗೆ ತುಂಬಿದ ಚರಂಡಿ ಮನೆಯ ಮೇಲೆ ತಿರುಗಿ ಬೀಳುತ್ತದೆ. ಬಾಗಿಲಿಗೆ ಮರಳಿನ ಚೀಲ ಜೋಡಿಸಿ ಕಾಯುತ್ತಿರುವಾಗಲೇ ಬಚ್ಚಲಿನ ಜಾಲರಿಯಿಂದ, ಕಮೋಡಿನಿಂದ, ಬೇಸ್‌ಮೆಂಟಿನ ಮೋರಿಯಿಂದ ಕಪ್ಪು ನೀರು ಉಕ್ಕುತ್ತದೆ. ರಸ್ತೆಯ ಮ್ಯಾನ್‌ಹೋಲಿನಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆಯೋ, ಪೈಪಿನ ಮೂಲಕ ಮನೆಯೊಳಗೂ ಅದೇ ಮಟ್ಟಕ್ಕೆ ಏರಲು ನೋಡುತ್ತದೆ. ಹಾಗಾಗಿ ಮೊದಲು ಮುಳುಗುವುದು ರಸ್ತೆಗಿಂತ ಕೆಳಗಿರುವ ಬೇಸ್‌ಮೆಂಟು.

ಇದನ್ನು ತಡೆಯುವ ಯಂತ್ರಕ್ಕೆ ಮೋಟರಿಲ್ಲ, ಕರೆಂಟು ಬೇಡ. ಪ್ಲಂಬರುಗಳು ಎನ್‌ಆರ್‌ವಿ ಎನ್ನುವ ನಾನ್‌ರಿಟರ್ನ್ ವಾಲ್ವಿನೊಳಗೆ ಇರುವುದು ಮೇಲಂಚಿನಲ್ಲಿ ಕೀಲು ಹಾಕಿ ತೂಗುಬಿಟ್ಟ ಒಂದು ಮುಚ್ಚಳ, ಅದರ ಸುತ್ತ ಒಂದು ರಬ್ಬರ್ ಬಳೆ. ಮನೆಯಿಂದ ಹೊರಡುವ ನೀರು ಮುಚ್ಚಳವನ್ನು ತಳ್ಳಿಕೊಂಡು ಹೋಗುತ್ತದೆ. ಹರಿವು ನಿಂತರೆ ಮುಚ್ಚಳ ತನ್ನ ಭಾರಕ್ಕೇ ಇಳಿಯುತ್ತದೆ. ಹೊರಗಿನ ನೀರು ಹಿಂದಕ್ಕೆ ಒತ್ತಿದರೆ ರಬ್ಬರಿಗೆ ಅಂಟಿ ಕೂರುತ್ತದೆ. ಒತ್ತಡ ಹೆಚ್ಚಿದಷ್ಟೂ ಹಿಡಿತ ಬಿಗಿ. ತೋಟದ ಬಾವಿಯ ಪಂಪಿಗೆ ಹಾಕುವ ಫುಟ್‌ವಾಲ್ವ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ.

ಆದರೆ ನದಿಯ ತೂಬಿಗಿರುವ ತೊಡಕು ಇದಕ್ಕೂ ಇದೆ. ಮುಚ್ಚಳ ಮುಚ್ಚಿರುವಷ್ಟು ಹೊತ್ತು ಮನೆಯ ನೀರೂ ಹೊರಗೆ ಹೋಗದು. ಆಗ ನಲ್ಲಿ ತಿರುಗಿಸಿದರೆ, ಫ್ಲಶ್ ಮಾಡಿದರೆ ಮನೆಯವರ ನೀರೇ ಬೇಸ್‌ಮೆಂಟಿಗೆ ಇಳಿಯುತ್ತದೆ. ತಾರಸಿಯ ಮಳೆನೀರಿನ ಪೈಪನ್ನು ಈ ಚರಂಡಿ ಪೈಪಿಗೆ ಸೇರಿಸಿದ್ದರಂತೂ ಕೇಳುವುದೇ ಬೇಡ. ಆ ಪೈಪು ಬೇರೆಯಾಗಿಯೇ ಇರಬೇಕು. ಒಳಗೆ ಜಿನುಗಿದ ನೀರಿಗಾಗಿ ಬೇಸ್‌ಮೆಂಟಿನ ಅತಿ ತಗ್ಗಿನ ಮೂಲೆಯಲ್ಲೊಂದು ಗುಂಡಿ, ಅದರಲ್ಲೊಂದು ಸಬ್‌ಮರ್ಸಿಬಲ್ ಪಂಪು ಬೇಕು. ನೀರಿನೊಂದಿಗೆ ತೇಲಿ ಏರುವ ಫ್ಲೋಟ್ ಸ್ವಿಚ್ ಪಂಪನ್ನು ತಾನೇ ಚಾಲೂ ಮಾಡುತ್ತದೆ. ಪಂಪಿನ ಪೈಪು ರಸ್ತೆಯ ನೆರೆಮಟ್ಟಕ್ಕಿಂತ ಮೇಲಕ್ಕೇರಿ ಹೊರಗೆ ಬಾಗಿರಬೇಕು.

ಪಂಪು ಬಂತೆಂದರೆ ವಿದ್ಯುತ್ತೂ ಬಂತು. ಕೋಲ್ಕತಾದ ಆ ಮಳೆಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಮುಳುಗಿದವರಲ್ಲ, ನಿಂತ ನೀರಿನಲ್ಲಿ ಕರೆಂಟು ಹೊಡೆದು ಸತ್ತವರು. ಅದೇ ವರ್ಷ ಮೇ 19ರಂದು ಬೆಂಗಳೂರಿನ ಬಿಟಿಎಂ ಲೇಔಟ್ ಬಳಿಯ ಎನ್.ಎಸ್. ಪಾಳ್ಯದಲ್ಲೂ ಹೀಗೇ ಆಯಿತು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನುಗ್ಗಿದ ಮಳೆನೀರನ್ನು ಮೋಟರಿಟ್ಟು ಹೊರಹಾಕುವ ಹೊತ್ತಿನಲ್ಲಿ 63 ವರ್ಷದ ನಿವಾಸಿಯೊಬ್ಬರೂ 12 ವರ್ಷದ ಬಾಲಕನೊಬ್ಬನೂ ವಿದ್ಯುತ್ ತಗುಲಿ ಜೀವ ಕಳೆದುಕೊಂಡರು.

ಇಂಥ ಸಾವನ್ನು ತಪ್ಪಿಸಲೆಂದೇ ಆರ್‌ಸಿಸಿಬಿ ಎಂಬ ಸಾಧನವಿದೆ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೂ ಅದರೊಳಗಿನ ಒಂದೇ ಕಾಂತೀಯ ಬಳೆಯ ಮೂಲಕ ಹಾಯುತ್ತವೆ. ಹೋದಷ್ಟೇ ವಿದ್ಯುತ್ತು ಮರಳಿದರೆ ಎರಡರ ಕಾಂತಪ್ರಭಾವ ಪರಸ್ಪರ ರದ್ದಾಗುತ್ತದೆ. ನೀರಿಗೋ ಮನುಷ್ಯನ ಮೈಗೋ ಸೋರಿದರೆ ಲೆಕ್ಕ ತಪ್ಪುತ್ತದೆ. ಮನೆಗಳಲ್ಲಿ ಹಾಕುವ ಬಗೆಯದು 30 ಮಿಲಿ ಆಂಪಿಯರ್ ಸೋರಿಕೆಗೇ ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುತ್ತದೆ. ಮೀಟರ್ ಬೋರ್ಡು, ಸ್ವಿಚ್ಚುಗಳು ಬೇಸ್‌ಮೆಂಟಿನಲ್ಲಿರದೆ ನೆರೆಮಟ್ಟಕ್ಕಿಂತ ಮೇಲಿದ್ದರೆ, ಒಣನೆಲದಲ್ಲಿ ನಿಂತೇ ಮೇನ್ ಸ್ವಿಚ್ ಆರಿಸಬಹುದು. ಅದಾಗದಿದ್ದರೆ ವಿದ್ಯುತ್ ಕಚೇರಿಯವರು ಸಂಪರ್ಕ ಕಡಿಯುವವರೆಗೆ ಯಾರೂ ನೀರಿಗೆ ಇಳಿಯಬಾರದು.

ಮಳೆ ನಿಂತ ಕೂಡಲೇ ಬೇಸ್‌ಮೆಂಟನ್ನು ಒಂದೇ ಏಟಿಗೆ ಬರಿದು ಮಾಡುವುದೂ ಅಪಾಯ. ಹೊರಗಿನ ಮಣ್ಣು ಇನ್ನೂ ನೀರು ಕುಡಿದು ಭಾರವಾಗಿರುತ್ತದೆ. ಒಂದು ಮೀಟರ್ ಆಳದ ನೀರು ಪ್ರತಿ ಚದರ ಮೀಟರಿಗೆ ಒಂದು ಟನ್ ಒತ್ತಡ ಹಾಕುತ್ತದೆ. ಒಳಗಿನ ನೀರು ಗೋಡೆಗೆ ಕೊಡುತ್ತಿದ್ದ ಎದುರೊತ್ತು ಇದ್ದಕ್ಕಿದ್ದಂತೆ ಇಲ್ಲವಾದರೆ ಗೋಡೆ ಒಳಕ್ಕೆ ಕುಸಿಯಬಹುದು, ನೆಲ ಮೇಲಕ್ಕೆ ಉಬ್ಬಬಹುದು. ಹೊರಗಿನ ನೀರು ಇಳಿದ ಮೇಲೆ ಶುರು ಮಾಡಿ, ದಿನಕ್ಕೆ ಒಂದಡಿಯಂತೆ ಇಳಿಸುವುದು ಕ್ಷೇಮ. ನೆಲದಡಿಯ ಸಂಪಿಗೂ ಇದೇ ನಿಯಮ: 10 ಸಾವಿರ ಲೀಟರಿನ ಖಾಲಿ ಸಂಪು ನೆನೆದ ಮಣ್ಣಿನಲ್ಲಿ ಪೂರ್ತಿ ಮುಳುಗಿದ್ದರೆ ಅದನ್ನು ಮೇಲಕ್ಕೆತ್ತುವ ಬಲ ಸುಮಾರು 10 ಟನ್. ಮಳೆಗೆ ಮುಂಚೆ ಅದನ್ನು ತುಂಬಿಸಿಡಬೇಕು.

ಎನ್‌ಆರ್‌ವಿಯ ಮುಚ್ಚಳದಡಿ ಕೂದಲೋ ಪ್ಲಾಸ್ಟಿಕ್ ಚೂರೋ ಸಿಕ್ಕಿದರೂ ಅದು ಪೂರ್ತಿ ಕೂರುವುದಿಲ್ಲ. ಹಾಗಾಗಿ ಮನೆಯ ಚರಂಡಿಯ ಚೇಂಬರಿನ ಮುಚ್ಚಳ ತೆಗೆದರೆ ಕೈಗೆಟಕುವಂತೆ ವಾಲ್ವನ್ನು ಕೂರಿಸಿರಬೇಕು. ಬೆಂಗಳೂರಿನವರು ಏಪ್ರಿಲ್ ಮುಗಿಯುವುದರೊಳಗೆ, ಕೋಲ್ಕತಾದವರು ಜೂನ್‌ಗೆ ಮೊದಲು ಅದನ್ನು ತೊಳೆದು, ರಬ್ಬರ್ ಬಳೆ ಸವೆದಿದ್ದರೆ ಬದಲಿಸಿ, ಗುಂಡಿಗೆ ಎರಡು ಬಕೆಟ್ ನೀರು ಸುರಿದು ಪಂಪು ತಾನಾಗಿ ಓಡುತ್ತದೆಯೇ ನೋಡಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಪರೀಕ್ಷಿಸಿಕೊಳ್ಳಬೇಕು. ಒಂದು ಬೆಳಗಿನಲ್ಲಿ ಮುಗಿಯುವ ಕೆಲಸ ಇದು.