ಕೆರೆಯ ಅಂಚೆಲ್ಲಿ, ಅಳತೆಯೆಲ್ಲಿ?

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಕಾದಿರುವ ಪ್ರಯಾಣಿಕನಿಗೆ ತಾನು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ನಿಂತಿರುವೆನೆಂಬುದು ಹೊಳೆಯುವುದಾದರೂ ಹೇಗೆ? ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣವೂ ಕೋರಮಂಗಲದ ಕೆರೆಯ ನೆಲದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮವೂ ಎದ್ದವು. ಇವೆಲ್ಲ ಅಧಿಕಾರಸ್ಥರ ಒಪ್ಪಿಗೆಯಿಂದಲೇ ನಡೆದ ಕಾರ್ಯಗಳು. ಕೆರೆಗಳ ರಕ್ಷಣೆಗೆ ಶಾಸನ ಬೇಕೆನ್ನುವಾಗ ಅದು ಮೊದಲು ಯಾರನ್ನು ಕಟ್ಟಿಹಾಕಬೇಕೆಂಬುದನ್ನು ಮಹಾಜನರು ಮರೆಯಲಾಗದು.

೧೯೮೫ರಲ್ಲಿ ನೇಮಕವಾದ ಲಕ್ಷ್ಮಣ ರಾವ್ ಸಮಿತಿಯು ಉಳಿದ ಕೆರೆಗಳನ್ನು ಒಡೆಯದೆ ಕಾಪಾಡಬೇಕೆಂದು ಸಲಹೆಯಿತ್ತಿತು. ಸಲಹೆಯೇನೋ ಸ್ತುತ್ಯವೇ. ಆದರೆ ಅಂಗಳವೊಂದನ್ನು ಉಳಿಸಿದ ಮಾತ್ರಕ್ಕೆ ಕೆರೆಯುಳಿಯದು. ನಮ್ಮ ಹಿರಿಯರು ಕಟ್ಟಿದ್ದು ಕೆರೆಗಳ ಸರಣಿಯನ್ನು: ಅಗರದ ಕೋಡಿ ಹರಿದರೆ ಬೆಳ್ಳಂದೂರಿಗೆ, ಬೆಳ್ಳಂದೂರು ತುಂಬಿದರೆ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಡುವಣ ರಾಜಕಾಲುವೆ ಮುಚ್ಚಿದರೆ ಮೇಲಿನ ಊರು ಮುಳುಗಿ ಕೆಳಗಿನ ಕೆರೆ ಒಣಗುವುದು. ಚರಂಡಿಯ ಕೊಳಕೊಂದೇ ಅದಕ್ಕೆ ಗತಿ.

ಈ ಅಗರ-ಬೆಳ್ಳಂದೂರುಗಳ ನಡುವಣ ಕಟ್ಟಡಗಳ ವ್ಯಾಜ್ಯವೇ ರಾಷ್ಟ್ರೀಯ ಹಸಿರು ನ್ಯಾಯಪೀಠದ ಮುಂದೆ ಹೋದುದು. ೨೦೧೬ರ ಮೇ ೪ರಂದು ಪೀಠವು ಕೆರೆಗಳ ಸುತ್ತ ೭೫ ಮೀಟರನ್ನೂ, ರಾಜಕಾಲುವೆಗಳಿಗೆ ಅವುಗಳ ದರ್ಜೆಗನುಸಾರ ೫೦, ೩೫, ೨೫ ಮೀಟರನ್ನೂ ಬಿಡಬೇಕೆಂದು ವಿಧಿಸಿತು. ೨೦೦೭ರಲ್ಲಿ ಮಂಜೂರಾದ ನಗರದ ಮಹಾಯೋಜನೆಯಲ್ಲಿದ್ದುದು ಕೆರೆಗೆ ೩೦, ಕಾಲುವೆಗಳಿಗೆ ೫೦, ೨೫, ೧೫ ಮೀಟರು. ೨೦೧೯ರ ಮಾರ್ಚ್ ೫ರಂದು ಸುಪ್ರೀಂ ಕೋರ್ಟು ಪೀಠದ ಈ ವಿಧಿಯನ್ನು ರದ್ದುಪಡಿಸಿತು. ಮಹಾಯೋಜನೆಗೆ ಶಾಸನದ ಬಲವಿದೆ, ಅದನ್ನು ತಿದ್ದುವ ಅಧಿಕಾರ ಪೀಠಕ್ಕಿಲ್ಲ ಎಂಬುದು ಅಲ್ಲಿನ ನ್ಯಾಯ. ಅಧಿಕಾರವು ಯಾರದೋ ಹೊಣೆಯೂ ಅವರದೇ ಅಲ್ಲವೇ?

ಸಂಖ್ಯೆಗಳ ಈ ಗದ್ದಲದಲ್ಲಿ ಅಡಗಿಹೋದ ಸಂಗತಿಯೊಂದುಂಟು. ಮಹಾಯೋಜನೆಯ ಅಳತೆ ಕಾಲುವೆಯ ಮಧ್ಯದಿಂದ. ಪೀಠದ ಅಳತೆ ಅದರ ಅಂಚಿನಿಂದ. ಹತ್ತು ಮೀಟರು ಅಗಲದ ಕಾಲುವೆಗೆ ಮಧ್ಯದಿಂದ ಹದಿನೈದು ಮೀಟರು ಬಿಟ್ಟರೆ ದಡದಲ್ಲಿ ದಕ್ಕುವುದು ಹತ್ತೇ. ನೀರನ್ನೇ ಬಯಲೆಂದು ಲೆಕ್ಕಹಿಡಿಯುವ ಈ ಗಣಿತವನ್ನು ಯಾವ ಶಾನುಭೋಗನೂ ಒಪ್ಪುತ್ತಿರಲಿಲ್ಲ!

ಮೂವತ್ತು-ನಲವತ್ತರ ನಿವೇಶನ ಕೊಂಡು, ನಕ್ಷೆಗೆ ಮಂಜೂರಾತಿ ಪಡೆದು ಮನೆ ಕಟ್ಟಿದ ಗೃಹಸ್ಥನ ಗತಿಯೇನೆಂದು ಕೇಳುವರು. ಕೇಳಬೇಕಾದ ಪ್ರಶ್ನೆಯೇ. ಮಂಜೂರು ಮಾಡಿದ ಕಚೇರಿಯನ್ನು ಬಿಟ್ಟು ಅವನೊಬ್ಬನನ್ನೇ ದಂಡಿಸುವುದು ಅನ್ಯಾಯ. ಆದರೆ ಅವನ ಹೆಸರನ್ನು ಮುಂದೊಡ್ಡಿ ಬಹುಮಹಡಿಗಳ ಒಡೆಯರು ಕಾಲುವೆಗಳನ್ನು ಕಿರಿದುಗೊಳಿಸುವುದೂ ಸಲ್ಲದು. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ಆ ಪೂರ್ವಭಾಗದ ಸಿರಿವಂತರನ್ನೇ ಟ್ರ್ಯಾಕ್ಟರು, ದೋಣಿಗಳಲ್ಲಿ ಸಾಗಿಸಬೇಕಾಯಿತು.

ಕಾಲುವೆಯ ಅಳತೆ ಅಂಚಿನಿಂದಲೇ ಆಗಬೇಕೆಂದು ಶಾಸನಸಭೆ ಸ್ಪಷ್ಟವಾಗಿ ಬರೆಯಲಿ. ಹಳೆಯ ಗ್ರಾಮನಕ್ಷೆಗಳಲ್ಲಿರುವ ಪ್ರತಿಯೊಂದು ಕಾಲುವೆಗೂ ಕಲ್ಲು ನೆಟ್ಟು, ಆ ನಕ್ಷೆಯನ್ನು ಆಯಾ ವಾರ್ಡಿನ ಕಚೇರಿಯ ಗೋಡೆಗೆ ಹಾಕಿಸಲಿ. ನಿವೇಶನ ಕೊಳ್ಳುವವನು ಹಣ ತೆರುವ ಮೊದಲೇ ಅದನ್ನು ನೋಡುವಂತಾಗಲಿ.