ಕಸವನ್ನು ಮುಟ್ಟುವ ಮುಂದಿನ ಕೈ



ಸ್ವಚ್ಛತೆಯ ಮಹತ್ವವನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ದಿನಕ್ಕೆ ಐದು ಹೊತ್ತು ವುಝೂ ಮಾಡುವ, ಬಟ್ಟೆಗೂ ನಮಾಝಿನ ಜಾಗಕ್ಕೂ ಶುದ್ಧಿಯನ್ನು ನೋಡುವ ಸಮುದಾಯ ನಮ್ಮದು. ಆದರೆ ಮನೆ ಗುಡಿಸಿ ಕಸವನ್ನು ಹೊರಗೆ ಹಾಕಿದಾಗ ಕಸ ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಅದು ಹೋಗಿ ಸೇರುವ ಜಾಗದಲ್ಲೂ ಮನುಷ್ಯರಿದ್ದಾರೆ. ನಾವು ಕಟ್ಟಿ ಇಟ್ಟ ಚೀಲವನ್ನು ಬಿಚ್ಚುವ ಒಂದು ಕೈ ಇದೆ. ಆ ಕೈಗೆ ನಮ್ಮ ಮೇಲೆ ಒಂದು ಹಕ್ಕಿದೆ ಎಂಬುದೇ ಈ ತಿಂಗಳ ಜುಮಾ ಖುತ್ಬಾದ ಸಾರ. ಖುತ್ಬಾದಲ್ಲಿ ಸಮಯ ಕಡಿಮೆ. ಆದ್ದರಿಂದ ತಾಯಂದಿರು, ಮದ್ರಸದ ಉಸ್ತಾದರು ಮತ್ತು ಜಮಾಅತ್ ಸಮಿತಿಯವರಿಗೆ ಉಪಯೋಗವಾಗಲೆಂದು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಎಸೆದದ್ದು ಎಲ್ಲಿಗೆ ಹೋಗುತ್ತದೆ?

ಮಂಗಳೂರು ನಗರದ ಕಸ ವರ್ಷಗಟ್ಟಲೆ ಪಚ್ಚನಾಡಿಗೆ ಹೋಗಿ ಬೀಳುತ್ತಿತ್ತು. 2019ರ ಆಗಸ್ಟ್ ತಿಂಗಳ ಮಳೆಗೆ ಆ ರಾಶಿ ಜರಿದು ಕೆಳಗಿನ ಮಂದಾರ ಪ್ರದೇಶಕ್ಕೆ ನುಗ್ಗಿತು. ಅಡಕೆ ಮತ್ತು ತೆಂಗಿನ ತೋಟಗಳು ಕಸದಡಿ ಸೇರಿದವು. 20ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಆ ಕುಟುಂಬಗಳು ಮಾಡಿದ ತಪ್ಪೇನೂ ಇರಲಿಲ್ಲ. ಬೆಂಗಳೂರಿನ ಕಸ ಮಂಡೂರಿಗೆ ಹೋಗುತ್ತಿದ್ದಾಗಲೂ ಇದೇ ಸ್ಥಿತಿ ಇತ್ತು. 2014ರಲ್ಲಿ ಅಲ್ಲಿನ ಗ್ರಾಮಸ್ಥರು ಬೀದಿಗಿಳಿದು ಹೋರಾಡಿದ ಮೇಲೆ ಅಲ್ಲಿ ಕಸ ಸುರಿಯುವುದು ನಿಂತಿತು.

ತನ್ನ ಕೆಡುಕಿನಿಂದ ನೆರೆಯವನಿಗೆ ನೆಮ್ಮದಿ ಇಲ್ಲದಂತೆ ಮಾಡುವವನ ವಿಶ್ವಾಸ ಪೂರ್ಣವಲ್ಲ ಎಂಬುದನ್ನು ನಾವೆಲ್ಲ ಕೇಳಿದ್ದೇವೆ. ನೆರೆಯವನೆಂದರೆ ಪಕ್ಕದ ಗೋಡೆಯವನು ಮಾತ್ರ ಎಂದುಕೊಳ್ಳುವುದು ಸರಿಯಲ್ಲ. ನಮ್ಮ ಕಸ ಯಾರ ಬಾವಿಯ ಪಕ್ಕದಲ್ಲಿ ಬಿದ್ದಿದೆಯೋ ಅವರೂ ಈ ಲೆಕ್ಕದಲ್ಲಿ ನಮ್ಮ ನೆರೆಯವರೇ.

ಬೆರೆಸಿದರೆ ಕಸ, ಬೇರ್ಪಡಿಸಿದರೆ ಸಾಮಾನು

ಮೀನಿನ ಸಾರು ಚೆಲ್ಲಿದ ನೋಟ್‌ಬುಕ್ಕನ್ನು ಗುಜರಿಯವರು ತೆಗೆದುಕೊಳ್ಳುವುದಿಲ್ಲ. ಅದೇ ನೋಟ್‌ಬುಕ್ ಒಣಗಿದ್ದರೆ ತೂಕಕ್ಕೆ ಬೆಲೆ ಕೊಡುತ್ತಾರೆ. ಮಕ್ಕಳಿಗೆ ಮೊದಲು ಕಲಿಸಬೇಕಾದುದು ಇಷ್ಟೆ: ಹಸಿ ಮತ್ತು ಒಣ ಸಾಮಾನು ಸೇರಿದಾಗ ಎರಡೂ ಹಾಳಾಗುತ್ತವೆ.

ಅನ್ನ, ತರಕಾರಿ ಸಿಪ್ಪೆ, ಚಹಾದ ಚರಟ ಮೊದಲಾದ ಹಸಿ ಕಸವು ಗಾಳಿ ಮತ್ತು ಒಣ ಎಲೆಯೊಂದಿಗೆ ಸೇರಿದರೆ ಗೊಬ್ಬರವಾಗುತ್ತದೆ. ಅದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ದೊಡ್ಡ ರಾಶಿಯ ಅಡಿಗೆ ತಳ್ಳಿದರೆ ಗಾಳಿ ಸಿಗದೆ ಕೊಳೆತು ಮೀಥೇನ್ ಅನಿಲವನ್ನು ಬಿಡುತ್ತದೆ. ಈ ಅನಿಲ ಸುಲಭವಾಗಿ ಬೆಂಕಿ ಹಿಡಿಯುವಂಥದ್ದು. ಭೂಮಿಯನ್ನು ಬಿಸಿ ಮಾಡುವ ಶಕ್ತಿಯೂ ಅದಕ್ಕೆ ಇಂಗಾಲದ ಡೈಆಕ್ಸೈಡ್‌ಗಿಂತ 20 ಪಟ್ಟಿಗೂ ಹೆಚ್ಚು. ಕೊಳೆತ ರಾಶಿಯಿಂದ ಇಳಿಯುವ ಕಪ್ಪು ನೀರು ಮಣ್ಣಿಗೆ, ಅಲ್ಲಿಂದ ಬಾವಿಗೆ ಸೇರುತ್ತದೆ.

ಒಣ ಕಸದ ವಿಷಯ ಹೀಗಲ್ಲ. ಗಾಜನ್ನು ಎಷ್ಟು ಸಲವಾದರೂ ಕರಗಿಸಿ ಮತ್ತೆ ಗಾಜು ಮಾಡಬಹುದು. ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನು ಕರಗಿಸಿ ಹೊಸದು ಮಾಡಿದರೆ, ಅದಿರಿನಿಂದ ತೆಗೆಯಲು ಬೇಕಾಗುವ ವಿದ್ಯುತ್ ಮತ್ತು ಇಂಧನದಲ್ಲಿ ಶೇ. 95ರಷ್ಟು ಉಳಿಯುತ್ತದೆ. ಕಾಗದ ಕೆಲವು ಸಲ ಮತ್ತೆ ಕಾಗದವಾಗುತ್ತದೆ, ಪ್ರತಿ ಸಲವೂ ಅದರ ನಾರು ಸ್ವಲ್ಪ ಸಣ್ಣದಾಗುತ್ತದೆ. ನೀರಿನ ಬಾಟಲಿ, ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ ಇವುಗಳಿಗೂ ಗುಜರಿಯಲ್ಲಿ ದಾರಿ ಇದೆ. ಮಕ್ಕಳು ಇಷ್ಟಪಡುವ ಚಿಪ್ಸ್ ಪ್ಯಾಕೆಟಿಗೆ ಮಾತ್ರ ಆ ದಾರಿ ಇಲ್ಲವೆಂದೇ ಹೇಳಬೇಕು. ಪ್ಲಾಸ್ಟಿಕ್ ಮತ್ತು ಲೋಹದ ತೆಳು ಪದರಗಳನ್ನು ಒಂದಕ್ಕೊಂದು ಅಂಟಿಸಿ ಅದನ್ನು ಮಾಡಿರುತ್ತಾರೆ. ಆ ಪದರಗಳನ್ನು ಬಿಡಿಸುವ ಖರ್ಚಿಗೆ ಯಾರೂ ಕೈಹಾಕುವುದಿಲ್ಲ. ಚಹಾ ಕುಡಿಯುವ ಕಾಗದದ ಲೋಟದ ಒಳಗೂ ಪ್ಲಾಸ್ಟಿಕ್ ಲೇಪವಿರುತ್ತದೆ. ಆದ್ದರಿಂದ ಅದನ್ನು ಬರೀ ಕಾಗದವೆಂದು ತಿಳಿಯಬಾರದು.

ಇನ್ನು ಮನೆಯ ಹಿತ್ತಲಲ್ಲಿ ಕಸಕ್ಕೆ ಬೆಂಕಿ ಹಚ್ಚುವ ರೂಢಿ. ಒಣ ಎಲೆಯ ಜೊತೆ ಪ್ಲಾಸ್ಟಿಕ್ಕೂ ಸೇರಿ ಉರಿಯುವಾಗ ಏಳುವ ಹೊಗೆ ವಿಷಕಾರಿ. ಅದನ್ನು ಮೊದಲು ಉಸಿರಾಡುವುದು ಅಂಗಳದಲ್ಲಿ ಆಡುವ ನಮ್ಮದೇ ಮಕ್ಕಳು ಮತ್ತು ಚಾವಡಿಯಲ್ಲಿ ಕುಳಿತ ಹಿರಿಯರು.

ಮೂರು ಪಾತ್ರೆಗಳ ಲೆಕ್ಕ

2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ, ಒಂದು ಚೀಲ ಎಂಬ ಕ್ರಮವನ್ನು ಕಡ್ಡಾಯ ಮಾಡಿತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಮುಟ್ಟಬಾರದ ಕಸಕ್ಕೆ, ಚೀಲ ಒಣ ಕಸಕ್ಕೆ. ಮರುವರ್ಷ, 2016ರಲ್ಲಿ, ಕೇಂದ್ರ ಸರ್ಕಾರದ ಘನತ್ಯಾಜ್ಯ ನಿಯಮಗಳೂ ಮನೆಯಲ್ಲೇ ಕಸವನ್ನು ಮೂರಾಗಿ ಬೇರ್ಪಡಿಸಬೇಕೆಂದು ಹೇಳಿದವು. ಬಣ್ಣದ ಬುಟ್ಟಿಯೇ ಬೇಕೆಂದಿಲ್ಲ. ಹಳೆಯ ಬಕೆಟ್ ಮತ್ತು ಅಕ್ಕಿಯ ಚೀಲ ಸಾಕು.

ಮುಟ್ಟಬಾರದ ಕಸವೆಂದರೆ ಮಗುವಿನ ಡಯಾಪರ್, ಸ್ಯಾನಿಟರಿ ಪ್ಯಾಡ್, ಗಾಯದ ಬ್ಯಾಂಡೇಜ್, ಬ್ಲೇಡ್, ಸಕ್ಕರೆ ಕಾಯಿಲೆಯವರ ಸೂಜಿ, ಒಡೆದ ಗಾಜು. ಪ್ಯಾಡ್ ಮತ್ತು ಡಯಾಪರ್‌ಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಗಾಜು ಮತ್ತು ಸೂಜಿಯನ್ನು ಮುಚ್ಚಳವಿರುವ ಡಬ್ಬದಲ್ಲಿ ಹಾಕಿ ಬೇರೆಯಾಗಿ ಕೈಗೆ ಕೊಡಿ. ಇದು ನಾಚಿಕೆಯ ವಿಷಯವೆಂದು ಮನೆಯಲ್ಲಿ ಮಾತಾಡದೆ ಬಿಡುವುದರಿಂದಲೇ ಇಂಥ ವಸ್ತುಗಳು ಅನ್ನದ ಜೊತೆ ಒಂದೇ ಚೀಲದಲ್ಲಿ ಹೋಗುತ್ತವೆ. ಆ ಚೀಲವನ್ನು ಒಬ್ಬ ತಾಯಿ, ನಮ್ಮ ತಾಯಿಯ ವಯಸ್ಸಿನವಳು, ಕೈಯಿಂದ ಬಿಡಿಸುತ್ತಾಳೆ.

ಆ ಕೈಯ ಗೌರವ

ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಮಹಿಳೆ ತೀರಿಕೊಂಡ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿದೆ. ಆಕೆ ಕಾಣದಿದ್ದಾಗ ಪ್ರವಾದಿ(ಸ) ವಿಚಾರಿಸಿದರು. ಮರಣ ಹೊಂದಿದ ವಿಷಯವನ್ನು ಸಂಗಡಿಗರು ತಿಳಿಸಿದರು. ತನಗೆ ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿ, ಸಮಾಧಿ ಎಲ್ಲಿದೆಯೆಂದು ತೋರಿಸಲು ಹೇಳಿ, ಅಲ್ಲಿಗೆ ಹೋಗಿ ಅವರು ಆಕೆಗಾಗಿ ನಮಾಝ್ ಮಾಡಿದರು. ಇತರರಿಗೆ ಇದು ದೊಡ್ಡ ಸುದ್ದಿಯಾಗಿ ಕಂಡಿರಲಿಲ್ಲ. ಪ್ರವಾದಿಯವರಿಗೆ(ಸ) ದೊಡ್ಡದಾಗಿತ್ತು.

ಬೆಳಿಗ್ಗೆ ಗಾಡಿ ಬಂದಾಗ ನಮ್ಮ ಮನೆಗಳಲ್ಲಿ ಕೇಳುವ ಮಾತು ‘ಕಸದವರು ಬಂದರು’ ಎಂದು. ನಿಜಕ್ಕೂ ಕಸ ಮಾಡುವವರು ನಾವು, ಅವರು ಸ್ವಚ್ಛ ಮಾಡುವವರು. ಮಕ್ಕಳು ಅವರನ್ನು ಅಣ್ಣ, ಅಕ್ಕ ಎಂದು ಕರೆಯಲಿ. ಅವರ ಹೆಸರು ತಿಳಿದುಕೊಳ್ಳಲಿ. ನಮ್ಮ ಸಮುದಾಯದ ಎಷ್ಟೋ ಕುಟುಂಬಗಳು ಗುಜರಿಯ ದುಡಿಮೆಯಿಂದಲೇ ಮಕ್ಕಳನ್ನು ಓದಿಸುತ್ತಿವೆ. ಅಂಥ ಮನೆಯ ಹುಡುಗ ಶಾಲೆಯಲ್ಲಿ ತಂದೆಯ ಕೆಲಸ ಹೇಳಲು ತಲೆ ತಗ್ಗಿಸಬೇಕಾಗಿಲ್ಲ. ಹಲಾಲಾದ ದುಡಿಮೆ ಅದು, ಊರಿಗೆ ಉಪಕಾರವೂ ಹೌದು. ಬೆಂಗಳೂರಿನಲ್ಲಿ ಚಿಂದಿ ಆಯುವವರ ಜೊತೆ ಕೆಲಸ ಮಾಡುವ ಹಸಿರು ದಳ ಸಂಸ್ಥೆಯ ಪ್ರಯತ್ನದಿಂದ ಅವರಿಗೆ ಪಾಲಿಕೆಯ ಗುರುತಿನ ಚೀಟಿಯೂ ಸಿಕ್ಕಿದೆ.

ಮೊದಲ ಪಾಠ ಕಡಿಮೆ ಮಾಡುವುದು

ಬೇರ್ಪಡಿಸುವುದಕ್ಕಿಂತ ಮೇಲಿನದು ಕಸವನ್ನೇ ಕಡಿಮೆ ಮಾಡುವುದು. ತಿನ್ನುವುದು, ಕುಡಿಯುವುದು ತಪ್ಪಲ್ಲ, ಮಿತಿ ಮೀರುವುದು ತಪ್ಪು ಎಂಬುದು ಕುರ್‌ಆನ್‌ನ ಅಲ್ ಅಅ್‌ರಾಫ್ ಅಧ್ಯಾಯದ ಬೋಧನೆ. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಇಂದಿನ ಅಳತೆಯಲ್ಲಿ ಅದು ಹೆಚ್ಚೆಂದರೆ ಒಂದು ಲೀಟರ್. ಬಿದ್ದ ತುತ್ತನ್ನು ಎತ್ತಿ ಮಣ್ಣು ಒರೆಸಿ ತಿನ್ನಬೇಕು, ತಟ್ಟೆಯನ್ನು ಬರಿದು ಮಾಡಬೇಕು, ಬರಕತ್ ಯಾವ ಅಗುಳಿನಲ್ಲಿದೆಯೋ ನಮಗೆ ಗೊತ್ತಿಲ್ಲ ಎಂದು ಅವರು ಕಲಿಸಿದರು.

ಈ ಪಾಠದ ಪರೀಕ್ಷೆ ನಡೆಯುವುದು ನಮ್ಮ ವಲೀಮಾಗಳಲ್ಲಿ ಮತ್ತು ಇಫ್ತಾರ್ ಕೂಟಗಳಲ್ಲಿ. ಮಗು ಕೇಳದಿದ್ದರೂ ತಟ್ಟೆಗೆ ರಾಶಿ ಬಿರಿಯಾನಿ ಹಾಕುತ್ತೇವೆ. ಅರ್ಧ ತಿಂದು ಉಳಿದದ್ದು ಮೂಳೆ, ಲೋಟ, ಟಿಶ್ಯೂ, ಬಾಟಲಿಯ ಜೊತೆ ಒಂದೇ ಡ್ರಮ್ಮಿಗೆ ಬೀಳುತ್ತದೆ. ಹಸಿದವನಿಗೂ ಅದು ಸಿಗಲಿಲ್ಲ, ಗೊಬ್ಬರವೂ ಆಗಲಿಲ್ಲ. ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ, ಸ್ಟ್ರಾಗಳನ್ನು 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. 100ಕ್ಕೂ ಹೆಚ್ಚು ಜನರ ಸಮಾರಂಭ ನಡೆಸುವವರು ಅಲ್ಲಿನ ಕಸವನ್ನು ಸ್ಥಳದಲ್ಲೇ ಬೇರ್ಪಡಿಸುವ ಜವಾಬ್ದಾರಿ ಹೊರಬೇಕೆಂದು 2016ರ ನಿಯಮಗಳಲ್ಲೇ ಬರೆಯಲಾಗಿತ್ತು.

ಜಮಾಅತ್ ಸಮಿತಿಗಳಿಗೆ ನಮ್ಮ ಸಲಹೆ ಸರಳ. 200 ಸ್ಟೀಲ್ ತಟ್ಟೆ ಮತ್ತು ಲೋಟಗಳನ್ನು ಒಮ್ಮೆ ಕೊಂಡು ಮಸೀದಿಯಲ್ಲಿಡಿ. ಮದುವೆಗೂ ಇಫ್ತಾರಿಗೂ ಅವನ್ನೇ ಕೊಡಿ. ಯಾರಾದರೂ ಹಿರಿಯರ ಹೆಸರಿನಲ್ಲಿ ಸದಕಾ ಮಾಡಲು ಬಯಸಿದರೆ ಅವರಿಗೆ ಇದನ್ನೇ ಸೂಚಿಸಿ. ಹಾಗೆಯೇ ಬಡಿಸುವ ಯುವಕರಿಗೆ ಮೊದಲು ಸ್ವಲ್ಪ ಹಾಕಿ, ಕೇಳಿದವರಿಗೆ ಮತ್ತೆ ಹಾಕಲು ಹೇಳಿ. ಮುಟ್ಟದೆ ಉಳಿದ ಅಡುಗೆ ಬಿಸಿಯಾಗಿರುವಾಗಲೇ ಹೋಗಬೇಕಾದ ಮನೆಗಳ ಪಟ್ಟಿಯನ್ನು ಮುಂಚೆಯೇ ಮಾಡಿಡಿ.

ಎಸೆಯುವ ಮುನ್ನ ಇನ್ನೊಮ್ಮೆ ನೋಡಿ

ಸತ್ತ ಆಡೊಂದನ್ನು ಎಸೆದಿರುವುದನ್ನು ಕಂಡ ಪ್ರವಾದಿ(ಸ), ಅದರ ತೊಗಲನ್ನು ಹದ ಮಾಡಿ ಏಕೆ ಉಪಯೋಗಿಸಲಿಲ್ಲವೆಂದು ಕೇಳಿದರು. ಸತ್ತದ್ದಲ್ಲವೇ ಎಂದು ಜನ ಹೇಳಿದಾಗ, ನಿಷಿದ್ಧವಾದುದು ಅದನ್ನು ತಿನ್ನುವುದು ಮಾತ್ರವೆಂದು ತಿಳಿಸಿದರು. ಒಂದು ವಸ್ತುವಿನ ಒಂದು ಉಪಯೋಗ ಮುಗಿದರೆ ಎಲ್ಲವೂ ಮುಗಿಯಿತೆಂದಲ್ಲ. ಅವರು ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತೇಪೆ ಹಾಕಿಕೊಳ್ಳುತ್ತಿದ್ದರು. ಹಬ್ಬಕ್ಕೊಂದು ಜೊತೆ ಬಟ್ಟೆ ಕೊಂಡಾಗ ಚೆನ್ನಾಗಿರುವ ಹಳೆಯ ಜೊತೆಯನ್ನು ಒಗೆದು, ಗುಂಡಿ ಹೊಲಿದು ಕೊಟ್ಟರೆ ಅದು ದಾನ. ಹರಿದದ್ದನ್ನು ಹಾಗೆಯೇ ಕೊಟ್ಟರೆ ನಮ್ಮ ಕಸವನ್ನು ಬಡವರ ಮನೆಗೆ ಸಾಗಿಸಿದಂತೆ. ಕುರ್ಬಾನಿಯ ತೊಗಲಿಗೆ ಈಗ ಬೆಲೆ ಕಡಿಮೆಯಾಗಿರಬಹುದು. ಹಾಗೆಂದು ರಸ್ತೆಬದಿಗೆ ಎಸೆಯಬಾರದು. ತಡ ಮಾಡದೆ ಉಪ್ಪು ಸವರಿ ಒಪ್ಪಿಸಬೇಕು. ಕರುಳು ಮತ್ತು ರಕ್ತವನ್ನು ಆಳವಾದ ಗುಂಡಿಯಲ್ಲಿ ಹೂಳಬೇಕು ಅಥವಾ ಪಾಲಿಕೆಯ ಗಾಡಿಗೆ ಕೊಡಬೇಕು.

ಮದುವೆ ಕಾರ್ಡಿನ ಬಗ್ಗೆಯೂ ಹಲವರು ಕೇಳುತ್ತಾರೆ. ಬಿಸ್ಮಿಲ್ಲಾಹ್, ಕುರ್‌ಆನ್ ವಚನ ಅಥವಾ ಅಲ್ಲಾಹನ ನಾಮ ಇರುವ ಕಾಗದವನ್ನು ಗುಜರಿಗೂ ಕಸಕ್ಕೂ ಹಾಕಬಾರದು. ಅಂಥವನ್ನು ಬೇರೆ ಡಬ್ಬದಲ್ಲಿ ಕೂಡಿಟ್ಟು ಮಸೀದಿಗೆ ತಲುಪಿಸಿ. ಶುದ್ಧವಾದ, ಯಾರೂ ತುಳಿಯದ ಜಾಗದಲ್ಲಿ ಹೂಳುವುದು ಅಥವಾ ಗೌರವದಿಂದ ಸುಡುವುದು, ಎರಡನ್ನೂ ಉಲಮಾಗಳು ಹೇಳಿದ್ದಾರೆ. ಇದಕ್ಕಿಂತ ಉತ್ತಮವೆಂದರೆ ಕಾರ್ಡಿನಲ್ಲಿ ವಚನ ಮುದ್ರಿಸದಿರುವುದು, ದೂರದವರಿಗೆ ಮೊಬೈಲಿನಲ್ಲೇ ಕರೆ ಕಳಿಸುವುದು.

ಮದ್ರಸದಲ್ಲಿ ನಾಲ್ಕು ವಾರ

ಮೊದಲ ವಾರ ಮಕ್ಕಳು ತಮ್ಮ ಮನೆಯ ಒಂದು ದಿನದ ಕಸದಲ್ಲಿ ಏನೇನಿದೆ ಎಂದು ಬರೆದು ತರಲಿ. ಚಿಪ್ಸ್ ಮತ್ತು ಚಾಕೊಲೇಟ್ ಕಾಗದಗಳನ್ನು ಬೇರೆಯಾಗಿ ಎಣಿಸಲಿ. ಬಯ್ಯುವುದು ಬೇಡ, ಎಣಿಕೆಯೇ ಅವರಿಗೆ ಬುದ್ಧಿ ಹೇಳುತ್ತದೆ.

ಎರಡನೇ ವಾರ ಉಸ್ತಾದರು ಇಪ್ಪತ್ತು ಸ್ವಚ್ಛವಾದ ವಸ್ತುಗಳನ್ನು ನೆಲದ ಮೇಲೆ ಹರಡಲಿ. ಹಸಿ, ಒಣ, ಮುಟ್ಟಬಾರದ್ದು ಎಂದು ಮಕ್ಕಳು ವಿಂಗಡಿಸಲಿ. ಮುಟ್ಟಬಾರದ ವಸ್ತುಗಳ ಬದಲು ಚೀಟಿಯಲ್ಲಿ ಹೆಸರು ಬರೆದಿಟ್ಟರೆ ಸಾಕು.

ಮೂರನೇ ವಾರ ಗೊಬ್ಬರದ ಮಡಕೆ. ಪಕ್ಕದಲ್ಲಿ ನಾಲ್ಕಾರು ತೂತುಗಳಿರುವ ಮಡಕೆ ಅಥವಾ ಹಳೆಯ ಬಕೆಟಿನ ಅಡಿಗೆ ಒಣ ಎಲೆ ಹಾಸಿ. ಮೇಲೆ ತರಕಾರಿ ಮತ್ತು ಹಣ್ಣಿನ ಸಿಪ್ಪೆ ಹಾಕಿ, ಪ್ರತಿ ಸಲವೂ ಒಣ ಎಲೆಯಿಂದ ಮುಚ್ಚಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ವಾಸನೆ ಬಂದರೆ ಒದ್ದೆ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಎಲೆ ಹಾಕಿ. ತೀರಾ ಒಣಗಿದರೆ ನೀರು ಚಿಮುಕಿಸಿ. ಮಾಂಸ, ಮೀನು, ಮೂಳೆ ಇದಕ್ಕೆ ಬೇಡ. ಮಡಕೆ ತುಂಬಿದ ಮೇಲೆ ಸುಮಾರು ಎರಡು ತಿಂಗಳಿಗೆ ಮಣ್ಣಿನ ಪರಿಮಳದ ಕಪ್ಪು ಗೊಬ್ಬರ ಸಿಗುತ್ತದೆ. ಮಸೀದಿಯ ಅಂಗಳದ ಗಿಡಕ್ಕೆ ಮಕ್ಕಳೇ ಅದನ್ನು ಹಾಕಲಿ.

ನಾಲ್ಕನೇ ವಾರ ಬೀದಿಯ ಪೌರಕಾರ್ಮಿಕರನ್ನೋ ಗುಜರಿ ಅಂಗಡಿಯವರನ್ನೋ ಮದ್ರಸಕ್ಕೆ ಅತಿಥಿಯಾಗಿ ಕರೆಯಿರಿ. ಕುರ್ಚಿ ಕೊಟ್ಟು, ಚಹಾ ಕೊಟ್ಟು, ಮಕ್ಕಳು ಒಂದೇ ಪ್ರಶ್ನೆ ಕೇಳಲಿ: ನಾವು ಕೊಡುವ ಕಸದಲ್ಲಿ ನಿಮಗೆ ನೋವು ಕೊಡುವುದು ಯಾವುದು? ಅವರ ಬಾಯಿಂದ ಬಂದ ಉತ್ತರವನ್ನು ಮಗು ನಮ್ಮ ಹತ್ತು ಖುತ್ಬಾಗಳಿಗಿಂತ ಹೆಚ್ಚು ಕಾಲ ನೆನಪಿಡುತ್ತದೆ.

ಆದರೆ ಮದ್ರಸದಲ್ಲಿ ಕಲಿತ ಮಗು ಸಂಜೆ ಅಬ್ಬಾನ ಜೊತೆ ಕಾರಿನಲ್ಲಿ ಹೋಗುವಾಗ ಕಿಟಕಿಯಿಂದ ಬಾಟಲಿ ಹೊರಗೆ ಹಾರುವುದನ್ನು ಕಂಡರೆ ನಾಲ್ಕು ವಾರದ ಪಾಠ ಅಲ್ಲಿಗೆ ಮುಗಿಯಿತು. ದಾರಿಯಲ್ಲಿರುವ ತೊಂದರೆಯ ವಸ್ತುವನ್ನು ತೆಗೆಯುವುದು ಈಮಾನಿನ ಒಂದು ಶಾಖೆಯೆಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ತೆಗೆಯುವುದು ಈಮಾನಾದರೆ, ಅದನ್ನು ಅಲ್ಲಿ ಹಾಕದಿರುವುದು ದೊಡ್ಡವರ ಮೊದಲ ಕರ್ತವ್ಯ. ಇಂದು ಸಂಜೆಯೇ ಮನೆಯಲ್ಲಿ ಎರಡು ಬಕೆಟ್, ಒಂದು ಚೀಲ ಇಡಿ. ಎಲ್ಲಿ ಏನು ಹಾಕಬೇಕೆಂಬ ಉಸ್ತುವಾರಿಯನ್ನು ಮನೆಯ ಸಣ್ಣ ಮಗುವಿಗೆ ವಹಿಸಿ. ತಪ್ಪು ಹಾಕಿದರೆ ದೊಡ್ಡವರನ್ನೂ ತಡೆಯುವ ಅಧಿಕಾರ ಅದಕ್ಕಿರಲಿ.

ನಮ್ಮ ಕೈಯಿಂದಾಗಲಿ, ನಮ್ಮ ಕಸದಿಂದಾಗಲಿ ಯಾರಿಗೂ ನೋವಾಗದಂತೆ ಬದುಕುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.